ಎಣಿಸದ ಕೂಸು

ಗೋವಿಂದಮ್ಮ ಬಾಯಿ ತೆಗೆದರೆ ಕವಲಂದೆ ಪಕ್ಕದ ಆ ಹಳ್ಳಿಯಲ್ಲಿ ಎದುರಾಡೋರಿಲ್ಲ. ಅವತ್ತೂ ಸ್ಕೂಲಿನ ಜಗಲಿಗೆ ಜಗಳಕ್ಕೇ ಬಂದಿದ್ದಳು. ಎಲ್‌ಕೆಜಿಗೆ ಇದ್ದದ್ದು ಮೂವತ್ತೇ ಸೀಟು. ಚೀಟಿ ಎತ್ತಿದಾಗ ಮೊಮ್ಮಗಳು ಕವನಳ ಹೆಸರು ಬರಲಿಲ್ಲ. ಸೊಸೆ ಶಾಂತಿ ಬೆಳಗಾದರೆ ಗಾರ್ಮೆಂಟ್ಸ್ ಬಸ್ಸು ಹತ್ತಬೇಕು, ತಾನು ಕೂಲಿಗೆ ಹೋಗಬೇಕು. ನಾಲ್ಕು ವರ್ಷದ ಕೂಸನ್ನು ಮನೇಲಿ ಕೂಡಿ ಹಾಕೋದಾ? ಇಲ್ಲಾ, ನಂಜನಗೂಡಿನ ಸ್ಕೂಲಿಗೆ ಒಂದನ್ನೇ ಬಸ್ಸು ಹತ್ತಿಸೋದಾ?

"ಇನ್ನೊಂದು ಕ್ವಾಣೆ ಕಟ್ಸಿದ್ರೆ ನಿಮ್ ಗಂಟೇನ್ ಓಯ್ತಿತ್ತು ಮೇಡಂ?" ಅಂತ ಎಗರಿದಳು.

ಹೆಡ್ ಮೇಡಂ ಶ್ರೀವಾಣಿ ಮಕ್ಕಳ ಗಣತಿಯ ಹಳೇ ಪುಸ್ತಕ ಬಿಚ್ಚಿದರು. "ಮಕ್ಕಳ ಲೆಕ್ಕ ನೋಡಿ ಕೋಣೆ ಕೊಡ್ತಾರೆ ಗೋವಿಂದಮ್ಮ. ನಾಲ್ಕು ವರ್ಷದ ಹಿಂದೆ ನಾನೇ ನಿಮ್ಮ ಬಾಗಿಲಿಗೆ ಬಂದಿದ್ದೆ. ಅವತ್ತೇನಂದ್ರಿ?"

ಗೋವಿಂದಮ್ಮನಿಗೆ ಅವತ್ತಿನದು ನೆನಪಾಯಿತು. ಮೂರು ಹೆತ್ತು ಒಂದನ್ನು ಉಳಿಸಿಕೊಂಡ ಜೀವ ಅದು. ಮಕ್ಕಳ ತಲೆ ಎಣಿಸಿದರೆ ದೃಷ್ಟಿ ತಾಗುತ್ತೆ ಅಂತ ಅತ್ತೆ ಹೇಳಿದ್ದನ್ನು ಸೆರಗಿಗೆ ಗಂಟು ಹಾಕಿಕೊಂಡಿದ್ದಳು. ಅವತ್ತು ಸೊಸೆ, ಕೂಸು ಇಬ್ಬರನ್ನೂ ಒಳಕೋಣೆಗೆ ತಳ್ಳಿ, ನಮ್ಮನೇಲಿ ಮಕ್ಕಳಿಲ್ಲ ಕಣ್ರವ್ವಾ ಅಂದಿದ್ದಳು. ಅಷ್ಟಕ್ಕೇ ಬಿಟ್ಟಳಾ ಪುಣ್ಯಾತ್ಗಿತ್ತಿ! ಮೇಡಂಗಿಂತ ಮುಂದೆ ಓಡಿ ಕೇರಿಯ ಬಾಗಿಲು ಬಾಗಿಲಿಗೂ ಅದನ್ನೇ ಹೇಳಿಕೊಟ್ಟಿದ್ದಳು. ಹನ್ನೊಂದು ಕೂಸುಗಳು ಪುಸ್ತಕಕ್ಕೆ ಸೇರಲೇ ಇಲ್ಲ. ಈಗ ಅವುಗಳ ತಾಯಂದಿರು ಬೆನ್ನ ಹಿಂದೆಯೇ ನಿಂತಿದ್ದರು.

"ನಿನ್ ಮಾತು ಕಟ್ಕಂಡು ಕೆಟ್ವಲ್ಲಕ್ಕಾ," ಅಂದಳು ಪಕ್ಕದ ಮನೆಯ ರುದ್ರಾಣಿ.

ತಿರುಗಿ ಅವರ ಮುಖ ನೋಡೋಕೂ ಆಗದೆ, ಎದುರಿಗಿದ್ದ ಪುಸ್ತಕ ನೋಡೋಕೂ ಆಗದೆ ಗೋವಿಂದಮ್ಮ ನೆಲ ನೋಡಿದಳು. "ತಪ್ಪಾಯ್ತು. ಈಗ್ಲಾದ್ರೂ ಬರ್ಕಳಿ."

"ಬರ್ಕೋತೀನಿ. ಆದ್ರೆ ಇದು ಮುಂದಿನ ವರ್ಷಗಳಿಗೆ. ಈ ಸಲ ಮೂವತ್ತರ ಮೇಲೆ ಒಂದೂ ಆಗಲ್ಲ." ಮೇಡಂ ಹೊಸ ಹಾಳೆ ತೆಗೆದರು. "ಮನೇಲಿ ಮಕ್ಕಳೆಷ್ಟು?"

ಶಾಂತಿ ಮತ್ತೆ ಐದು ತಿಂಗಳ ಬಸುರಿ. ಎಣಿಸಿದರೆ ದೃಷ್ಟಿಯ ಭಯ. ಎಣಿಸದಿದ್ದರೆ ಅದಕ್ಕೂ ನಾಳೆ ಇದೇ ಜಗಲಿ. ಗೋವಿಂದಮ್ಮ ಕಣ್ಣು ಮುಚ್ಚಿಕೊಂಡಳು.

"ಎಲ್ಡು ಅಂತ ಬರ್ಕಳಿ. ಒಂದಿನ್ನೂ ಒಟ್ಟೇಲದೆ."

ಅಲ್ಲಿವರೆಗೂ ಕಿಟಕಿ ಸರಳು ಹಿಡಿದು ಒಳಗಿನ ಮಕ್ಕಳನ್ನೇ ನೋಡುತ್ತಿದ್ದ ಕವನ ಓಡಿಬಂದು ಅಜ್ಜಿಯ ಸೆರಗು ಜಗ್ಗಿದಳು.

"ಅಜ್ಜೀ, ನನ್ನೂ ಬರ್ಕಂಡ್ರಲ್ಲ. ಈಗ ಒಳೀಕೆ ಓಗ್ಲಾ?"