ಕಡಲಕ್ಕಿಯ ಚಳಿಜ್ವರ

ಪುಷ್ಯ ಮಾಸದ ಚಳಿ, ಹೊತ್ತು ಇನ್ನೂ ಮೂಡಿರಲಿಲ್ಲ. ಕಣೇಕಲ್ಲು ಕೆರೆಯ ದಂಡೆಯಲ್ಲಿ ಮೀನಿನ ಬಲೆ ಬಿಡಿಸುತ್ತ ಕೂತಿದ್ದೆ. ಮಡಕಶಿರಾದ ರಮ್ಯಶ್ರೀ ಏರಿಯಿಂದ ಇಳಿದು ಬಂದಳು. ಹಕ್ಕಿಗಳ ರೋಗ ಓದುವ ಹುಡುಗಿ. ಹೋದ ಚಳಿಗಾಲವೂ ಬಂದಿದ್ದಳಂತೆ. ಆಗ ನಾನು ಕಣ್ಣಿನ ಆಪರೇಷನ್ನಿಗೆ ಅನಂತಪುರದಲ್ಲಿದ್ದೆ.

"ತಾತ, ನಿಮ್ ಹರಿಗೋಲು ನಾಕ್ ದಿನ ಬೇಕಿತ್ತು. ಕಡಲಕ್ಕಿ ಹಿಡೀಬೇಕು."

"ತಿನ್ನಾಕೇನವ್ವ?"

"ಅಯ್ಯೋ ಇಲ್ಲ! ಒಂದ್ ಹನಿ ರಕ್ತ ತಗೊಂಡು ಬಿಟ್ಬಿಡ್ತೀನಿ. ಸೊಳ್ಳೆಯಿಂದ ಅವಕ್ಕೂ ಮಲೇರಿಯಾ ಬರ್ತೈತೆ."

ಕಡಲಕ್ಕಿ ಎಂದರೆ ನಾವು ಬಿಳಿಕಾಗೆ ಎನ್ನುವ ಹಕ್ಕಿ. ಚಳಿಗೆ ಬಂದು ಬೇಸಿಗೆಗೆ ಹೋಗುತ್ತದೆ. ಅದಕ್ಕೂ ಚಳಿಜ್ವರ! ಚಿಕ್ಕಂದಿನಲ್ಲಿ ಮಲೇರಿಯಾದವರು ನನ್ನ ಬೆರಳು ಚುಚ್ಚಿ, ರಕ್ತವನ್ನು ಗಾಜಿನ ಮೇಲೆ ಸವರಿಕೊಂಡು, ಬಾಗಿಲ ಪಕ್ಕ ತಾರೀಖು ಬರೆದು ಹೋಗುತ್ತಿದ್ದರು. ಆ ನಡುಕ ಮೈಗೆ ಇನ್ನೂ ನೆನಪಿದೆ.

ಬುತ್ತಿ ತಂದ ನನ್ನ ಹೆಂಡತಿ ಲಕ್ಷ್ಮಕ್ಕ ನಕ್ಕಳು. "ನಡುಗೋ ಹಕ್ಕಿಗೆ ಕಂಬಳಿ ಯಾರ್ ಹೊದಿಸ್ತಾರ? ನೀವಾ?" ಆಮೇಲೆ ಹುಡುಗಿಯ ಕಡೆ ತಿರುಗಿ, "ನಮಗೂ ಅಂಟತೈತೇನವ್ವ?"

"ಇಲ್ಲಜ್ಜಿ, ಹಕ್ಕೀದು ಹಕ್ಕೀಗೆ."

ಮೂರು ದಿನದಲ್ಲಿ ಹನ್ನೊಂದು ಹಕ್ಕಿ ಹಿಡಿದೆವು. ಪ್ರತಿಯೊಂದರ ಕಾಲು ನೋಡಿ ಅವಳ ಮುಖ ಸಣ್ಣದಾಗುತ್ತಿತ್ತು. ಕೊನೆಗೆ ಕೇಳಿದೆ.

"ಹೋದ್ ವರ್ಷ ಒಂದೇ ಒಂದು ಹಕ್ಕಿ ರಕ್ತದಲ್ಲಿ ರೋಗ ಸಿಕ್ತು ತಾತ. ನಂಬರಿರೋ ಉಂಗುರ ಕಾಲಿಗೆ ಹಾಕಿ ಬಿಟ್ಟೆ. ಆ ಜ್ವರ ಹೊತ್ಕೊಂಡು ಹಿಮಾಲಯ ದಾಟಿ ಮತ್ತೆ ಬಂತಾ, ದಾರೀಲೇ ಸತ್ತೋಯ್ತಾ, ಗೊತ್ತಾಗಬೇಕು. ನಾಳೆ ಸಿಗ್ಲಿಲ್ಲ ಅಂದ್ರೆ ಎರಡು ವರ್ಷದ ಕೆಲಸ ಅರ್ಧಕ್ಕೇ ನಿಲ್ತದೆ."

ನನ್ನ ಕೈಯಲ್ಲಿದ್ದ ಹುಟ್ಟು ನಿಂತಿತು.

ಕಾರ್ತಿಕದ ಎರಡನೇ ಸೋಮವಾರ ನನ್ನ ಬಲೆಗೆ ಒಂದು ಬಿಳಿಕಾಗೆ ಸಿಕ್ಕಿತ್ತು. ಕಾಲಲ್ಲಿ ಉಂಗುರ. ಹಿಂದೆ ಊರಿಗೆ ಜಡ್ಡು ಬಂದರೆ ಕೋಳಿಯ ಕಾಲಿಗೆ ಅರಿಶಿನದ ದಾರ ಕಟ್ಟಿ ಗಡಿಯಾಚೆ ಬಿಡುತ್ತಿದ್ದರು, ಜಡ್ಡು ಅದರ ಜೊತೆ ಹೋಗಲಿ ಎಂದು. ಇದೂ ಯಾರೋ ತಮ್ಮೂರಿನ ಜಡ್ಡು ಕಟ್ಟಿ ಬಿಟ್ಟ ಹಕ್ಕಿ ಎಂದುಕೊಂಡೆ. ಪಾಪ, ಅದೇಕೆ ಹೊರಬೇಕು? ಉಂಗುರ ಕತ್ತರಿಸಿ, ಹಕ್ಕಿಯನ್ನು ಬಿಟ್ಟು, ಉಂಗುರವನ್ನು ಏರಿಯ ಬೇವಿನ ಬುಡದಲ್ಲಿ ಕಲ್ಲಿನಡಿ ಇಟ್ಟಿದ್ದೆ.

ಹರಿಗೋಲು ದಡಕ್ಕೆ ತಂದು ಎಲ್ಲ ಹೇಳಿ ತಲೆ ತಗ್ಗಿಸಿದೆ. ದಂಡೆಯಲ್ಲಿ ಕೇಳಿಸಿಕೊಂಡ ಲಕ್ಷ್ಮಕ್ಕ, "ಮನಿ ಕೆಲಸ ಕೆಡಿಸಿದ್ದು ಸಾಲ್ಲಿಲ್ಲೇನ್ರಿ?" ಎಂದಳು.

ರಮ್ಯಶ್ರೀ ಆಗಲೇ ಬೇವಿನ ಕಡೆ ಓಡಿದ್ದಳು. ಉಂಗುರ ತೊಳೆದು, ಪುಸ್ತಕ ತೆಗೆದು ನಂಬರು ನೋಡಿದಳು. ಅದೇ ನಂಬರು.

"ಈ ಕಾರ್ತಿಕದಲ್ಲೇ ಅಂತ ಸರಿಯಾಗಿ ನೆನಪೈತಾ ತಾತ?"

"ಐತಿ. ಅವತ್ತು ಲಕ್ಷ್ಮಕ್ಕ ಒಪ್ಪತ್ತು ಇದ್ಲು. ಆಕಿ ಪಾಲಿನ ಮುದ್ದೀನೂ ನಾನೇ ತಿಂದಿದ್ದೆ."

"ಹಂಗಾದ್ರೆ ಬಂದೈತೆ! ಹೋಗಿ ವಾಪಸ್ ಬಂದೈತೆ ತಾತ!"

"ಜ್ವರ ಇನ್ನೂ ಐತೇನು ಅದಕ್ಕ?"

ಅವಳು ನಗುವುದನ್ನು ನಿಲ್ಲಿಸಿ ಕೆರೆಯ ಕಡೆ ನೋಡಿದಳು. "ಅದು ಗೊತ್ತಾಗೋಕೆ ಅದೇ ಹಕ್ಕಿ ಬೇಕು. ಗುರುತು ಇಲ್ಲೈತಲ್ಲ, ನನ್ನ ಕೈಯಾಗೆ."

ಸೋಮವಾರ, ಒಪ್ಪತ್ತು, ಮುದ್ದೆ, ಎಲ್ಲವನ್ನೂ ಬರೆದುಕೊಂಡು ರಮ್ಯಶ್ರೀ ಶುಕ್ರವಾರ ರಾಯದುರ್ಗದ ಬಸ್ಸಿಗೆ ಹೋದಳು. ಬಿಳಿಕಾಗೆಗಳು ಶಿವರಾತ್ರಿಯಾದ ಎರಡನೇ ಬುಧವಾರ ಹೋದವು. ಈ ಸಲ ನಾನೂ ದಿನ ಗುರುತಿಟ್ಟುಕೊಂಡೆ.