ಒಳಗೊಂದು ಎಲೆ, ಹೊರಗೊಂದು ಬಾಟ್ಲಿ

ಈ ಕಥೆಯನ್ನು ಎಲ್ಲಿಂದ ಎತ್ತಿಕೊಳ್ಳಲಿ? ಸಾವಿನಿಂದ ಬೇಡ ಎಂದುಕೊಂಡಿದ್ದೆ. ಆದರೆ ಹಾಲು ಕೊಂಡುಹೋಗಲು ಬಂದ ಹನೀಫಾ ಅಂಗಳದಲ್ಲೇ ನಿಂತು, "ವಿಸ್ಮಿತಾ, ಸ್ವಲ್ಪ ಹೊರಗೆ ಬಾ. ಅಜ್ಜ ಏಳುದಿಲ್ಲ" ಎಂದು ಕರೆದ ಬೆಳಿಗ್ಗೆಯೇ ಕಥೆ ನನ್ನನ್ನು ಕೇಳದೆ ಶುರುವಾಗಿಬಿಟ್ಟಿತು.

ಹುಕ್ರಪ್ಪ ಜಗಲಿಯ ಚಾಪೆಯಲ್ಲಿ ನಿದ್ದೆ ಹೋದಂತೆಯೇ ಇದ್ದರು. ಚಪ್ಪಲಿ ಮೆಟ್ಟಿಲ ಕೆಳಗೆ ಜೋಡಿಸಿಟ್ಟಿತ್ತು. ಮೊಮ್ಮಗಳು ವಿಸ್ಮಿತಾ ಮೊದಲು ನೋಡಿದ್ದು ಅವರ ಮುಖವನ್ನಲ್ಲ, ಬಾಗಿಲನ್ನು. ಚಿಲಕ ಹಾಕಿರಲಿಲ್ಲ.

(ಬರೆಯುತ್ತಿರುವವಳು ಸತ್ತವರ ಹೆಂಡತಿ, ವಾರಿಜಾಕ್ಷಿ. ಕಥೆ ಹೇಳುವವರು ಯಾರ ಪಕ್ಷವನ್ನೂ ವಹಿಸಬಾರದಂತೆ. ನಮ್ಮ ಊರು ನೆರಿಯದಲ್ಲಿ ಆ ಸೌಕರ್ಯ ಇಲ್ಲ.)

೧

ಮೊದಲ ಡ್ರಾಫ್ಟಿನಲ್ಲಿ ಹುಕ್ರಪ್ಪ ರಾಕ್ಷಸ. ಕುಡಿದು ಬಂದು ಮೊಮ್ಮಗಳ ಫೋನು ಕಿತ್ತು ಜೇಬಿಗೆ ಹಾಕುವವರು. ಅವಳು ಯಾವ ಬಸ್ಸು ಹತ್ತಬೇಕು, ಯಾರೊಡನೆ ನಗಬಾರದು ಎಂದು ತೀರ್ಪು ಕೊಡುವವರು. ವಿಸ್ಮಿತಾ ನನ್ನ ಹೆಗಲ ಮೇಲಿನಿಂದ ಬಗ್ಗಿ ಓದಿದಳು.

"ಸುಳ್ಳಲ್ಲ ಅಜ್ಜಿ. ಆದರೆ ಜ್ವರ ಬಂದಾಗ ನನ್ನನ್ನು ಬೆಳ್ತಂಗಡಿ ಆಸ್ಪತ್ರೆಗೆ ಹೊತ್ತುಕೊಂಡು ಹೋದದ್ದು ಎಲ್ಲಿ ಉಂಟು?"

ಹರಿದೆ.

೨

ಎರಡನೆಯದರಲ್ಲಿ ಅವರು ಸಂತ. ಅವಳು ನಕ್ಕಳು. "ಇದ್ಯಾರು ಮಾರಾಯ್ರೆ? ನಮ್ಮ ಮನೆಗೆ ಬಂದದ್ದೇ ಇಲ್ಲ."

ಅದನ್ನೂ ಹರಿದೆ.

ಇನ್ನು ನಂಬರ್ ಹಾಕುವುದಿಲ್ಲ, ನಡೆದದ್ದನ್ನು ಹೇಳುತ್ತೇನೆ. ಹೋದ ವರ್ಷ ಒಂದು ಸಂಜೆ ವಿಸ್ಮಿತಾ ಹೊಸ್ತಿಲಿನ ಈಚೆ ನಿಂತಳು. ಆಚೆ ಅಜ್ಜ, ತೂರಾಡುತ್ತ.

"ಅಜ್ಜ, ಕುಡಿದ ದಿನ ಒಳಗೆ ಬರಬೇಡಿ. ಅನ್ನ, ಚಾಪೆ ಜಗಲಿಗೆ ತರ್ತೇನೆ. ಬೈದರೆ ಇಟ್ಟು ಒಳಗೆ ಹೋಗ್ತೇನೆ. ಫೋನು ಇನ್ನು ಕೊಡುದಿಲ್ಲ."

"ನನ್ನ ಮನೆಯಲ್ಲಿ ನನಗೇ ಗಡಿ ಹಾಕ್ತೀಯಾ?"

"ಮನೆ ನಿಮ್ಮದೇ. ಕಿವಿ ನನ್ನದು."

ಓದುಗರೇ, ನನ್ನ ಮೈ ನವಿರೆದ್ದಿತು. ಆದರೆ ಅದಕ್ಕಿಂತ ದೊಡ್ಡ ಬೆರಗು ಮುಂದೆ ಕಾದಿತ್ತು. ಡಾಕ್ಟರ ಮಾತು ಕೇಳದ, ದೇವರ ಮೇಲಿಟ್ಟ ಆಣೆಯನ್ನೇ ಮುರಿದ ಆ ಮನುಷ್ಯ ಕುಡಿತ ಬಿಡಲಿಲ್ಲ. ಕುಡಿದ ದಿನ ಆ ಎರಡು ಬೆರಳೆತ್ತರದ ಹೊಸ್ತಿಲನ್ನು ಮಾತ್ರ ದಾಟಲಿಲ್ಲ. ಕೊನೆಯ ದಿನವೂ, ಚಿಲಕ ಹಾಕಿರದಿದ್ದರೂ.

ಬೊಜ್ಜ, ಅಂದರೆ ಉತ್ತರಕ್ರಿಯೆಯ ಸಂಜೆ, ಸತ್ತವರಿಗೆ ಪ್ರಿಯವಾದದ್ದನ್ನೆಲ್ಲ ಒಳಗೆ ಎಲೆಗೆ ಬಡಿಸಿ, ಅವರು ಉಣ್ಣಲೆಂದು ಬಾಗಿಲು ಎಳೆದು ಹೊರಗೆ ಕಾಯುವುದು ನಮ್ಮ ಕ್ರಮ. ಮೈದುನ ರುಕ್ಮಯ್ಯ ಕೋಳಿ ಸಾರಿನ ಪಕ್ಕದಲ್ಲಿಡಲು ಬಾಟ್ಲಿ ತಂದ.

"ಅದು ಒಳಗೆ ಬೇಡ ಚಿಕ್ಕಜ್ಜ."

"ಸತ್ತವನಿಗೂ ನಿನ್ನ ರೂಲ್ಸಾ? ಅಣ್ಣ ಬಾಯಾರಿಕೊಂಡೇ ಹೋಗಬೇಕಾ?"

ತನ್ನ ಮಾತೇ ಅಜ್ಜನನ್ನು ಹೊರಗೆ ಸಾಯಿಸಿತೇ ಎಂದು ಚಿಲಕ ಮುಟ್ಟಿದಾಗಲೆಲ್ಲ ವಿಸ್ಮಿತಾ ಕೇಳಿಕೊಳ್ಳುತ್ತಿದ್ದಳು. ಈಗ ಬಾಟ್ಲಿಯನ್ನು ಒಳಗೆ ಬಿಟ್ಟರೆ ಅಜ್ಜ ಅಷ್ಟು ಕಷ್ಟಪಟ್ಟು ಉಳಿಸಿದ ಗಡಿಯನ್ನು ತಾನೇ ಅಳಿಸಿದಂತೆ. ಬಿಡದಿದ್ದರೆ ಅವರನ್ನು ಇನ್ನೊಮ್ಮೆ ಹೊರಗಿಟ್ಟಂತೆ.

(ಇಲ್ಲಿ ನಾನು ಅಡ್ಡ ಬರಬಹುದಿತ್ತು. ಕಥೆ ನನ್ನದಲ್ಲವೇ? "ಅಜ್ಜಿ, ನೀವು ಸುಮ್ಮನಿರಿ" ಎಂದಳು. ಸುಮ್ಮನಾದೆ.)

"ಎರಡೂ ಇಡುವ. ಎಲೆ ಒಳಗೆ, ಬಾಟ್ಲಿ ಜಗಲಿಯಲ್ಲಿ. ಅಜ್ಜನಿಗೆ ಗೊತ್ತುಂಟು."

ಬಾಟ್ಲಿಯ ಬಳಿ ಅವಳೇ ಚಾಪೆ ಹಾಸಿದಳು. ಬಾಗಿಲು ಎಳೆದೆವು, ಚಿಲಕ ಹಾಕಲಿಲ್ಲ. ಎಲ್ಲರೂ ಅಂಗಳಕ್ಕಿಳಿದು ಬೆನ್ನು ಹಾಕಿ ನಿಂತೆವು.

ಇನ್ನು ಅಂತ್ಯ. ಎಲೆಯ ಅನ್ನ ಕಡಿಮೆಯಾಗಿತ್ತು ಎಂದು ಬರೆದರೆ ವಿಸ್ಮಿತಾಳಿಗೆ ಸಮಾಧಾನ. ಬಾಟ್ಲಿ ಮಗುಚಿತ್ತು ಎಂದರೆ ರುಕ್ಮಯ್ಯ ಗೆದ್ದ. ಬೆಕ್ಕು ಬಂದಿತ್ತು ಎಂದರೆ ಪೇಟೆಯ ಓದುಗರು ತಲೆದೂಗುತ್ತಾರೆ. ಬೇಕಾದ್ದನ್ನು ಇಟ್ಟುಕೊಳ್ಳಿ.

"ಅತ್ತಿಗೆ, ಇನ್ನು ಬಾಗಿಲು ತೆಗೆಯುವ ಅಲ್ವಾ?" ಎಂದ ರುಕ್ಮಯ್ಯ.

"ಇರು. ಉಣ್ಣುವವರನ್ನು ಎಬ್ಬಿಸಬಾರದು" ಎಂದೆ.

ನಾನು ತೆಗೆಯುವುದಿಲ್ಲ, ಈ ಪುಟದಲ್ಲಂತೂ ಇಲ್ಲ. ಮಂಜುನಾಥ ಸ್ವಾಮಿ, ಹೊಸ್ತಿಲಿನ ಯಾವ ಕಡೆ ಕುಳಿತಿದ್ದರೂ ಅವರಿಗೆ ಇನ್ನು ಬಾಯಾರದಿರಲಿ. ಅವರ ಆತ್ಮಕ್ಕೆ ಶಾಂತಿ ಕೊಡು.