ಒಂದು ಗೇಣು ಎತ್ತರ

ರ‍್ಯಾಂಪ್ ವೇದಿಕೆಯನ್ನು ಮುಟ್ಟಿರಲಿಲ್ಲ. ಗೋಡೆಗೆ ಒತ್ತಿಕೊಂಡು ಹೋಗಿದ್ದ ಆ ಉದ್ದನೆಯ ಏರನ್ನು ದಾರಿಂಕಾ ಗಾಲಿಗಳನ್ನು ಹದವಾಗಿ ನೂಕುತ್ತ, ನಡುವೆ ಒಮ್ಮೆ ಉಸಿರು ಸುಧಾರಿಸಿಕೊಂಡು ಹತ್ತಿ ಬಂದಿದ್ದಳು. ಹಲಗೆಗಳು ಒಂದಿಷ್ಟೂ ಕಿರುಗುಟ್ಟಿರಲಿಲ್ಲ. ಭುಜಕ್ಕೆ ಆಯಾಸವೇ ತಿಳಿಯದಷ್ಟು ಹಿತವಾದ ಏರು. ಮೇಲೆ ಬಂದು ನೋಡಿದರೆ ವೇದಿಕೆಯ ಅಂಚು ಇನ್ನೂ ಒಂದು ಗೇಣು ಎತ್ತರದಲ್ಲಿತ್ತು. ಗಾಲಿಕುರ್ಚಿಯ ಮುಂದಿನ ಪುಟ್ಟ ಚಕ್ರಗಳು ಅದಕ್ಕೆ ಟಕ್ಕೆಂದು ತಗುಲಿ ನಿಂತವು.

"ವಿಂಕೊ, ಮಿಕ್ಕಿದ್ದನ್ನ ಹಾರ್ಕೊಂಡು ಹೋಗ್ಬೇಕಾ ನಾನು?" ಎಂದಳು ಹಿಂದಕ್ಕೆ ತಿರುಗದೆ.

ವಿಂಕೊ ಕೆಳಗೆ ಎದೆಯುಬ್ಬಿಸಿ ನಿಂತಿದ್ದ. ಸ್ಲೊವೇನಿಯಾದ ಭೂಮಾಪಕರ ಸಮ್ಮೇಳನ ಈ ಸಲ ಅವನ ಊರಾದ ತ್ಸೆಲ್ಯೆಯಲ್ಲಿ, ಅವನದೇ ಉಸ್ತುವಾರಿಯಲ್ಲಿ. ಕಿವಿ ಕೇಳದವರಿಗೆ ಮಾತು ಅಕ್ಷರವಾಗಿ ಮೂಡುವ ಪರದೆ, ಕಣ್ಣು ಮಂಜಾದವರಿಗೆ ದೊಡ್ಡಕ್ಷರದ ಹಾಳೆ, ಸಾಲುಗಳ ನಡುವೆ ಗಾಲಿಕುರ್ಚಿ ಓಡಾಡುವಷ್ಟು ಅಗಲವಾದ ದಾರಿ, ಎಲ್ಲವನ್ನೂ ಅವನೇ ನಿಂತು ಮಾಡಿಸಿದ್ದ. ಎಲ್ಲಕ್ಕಿಂತ ಹೆಚ್ಚಿನ ಹೆಮ್ಮೆ ಈ ರ‍್ಯಾಂಪಿನದು. ಬಂದವರನ್ನೆಲ್ಲ ಕೈಹಿಡಿದು ಕರೆದುಕೊಂಡು ಹೋಗಿ ತೋರಿಸಿದ್ದ, ಮಗಳ ಮದುವೆಯ ಮಂಟಪ ತೋರಿಸುವವನ ಹಾಗೆ. ಈಗ ಅವನ ಮುಖ ಸಣ್ಣಗಾಯಿತು.

"ಆಗೋಕೇ ಸಾಧ್ಯ ಇಲ್ಲ," ಎನ್ನುತ್ತ ದಡದಡ ಹತ್ತಿ ಬಂದ. ಅಂಚನ್ನು ಅಂಗೈಯಿಂದ ಸವರಿ ನೋಡಿದ. ಸವರಿದರೆ ಅದೇನು ಕರಗುತ್ತದೆಯೇ? "ನಾನೇ ಲೆಕ್ಕ ಹಾಕಿದ್ದು ಕಣೇ. ಎರಡೆರಡು ಸಲ."

"ನೆಲದ ಮಟ್ಟ ಎಲ್ಲಿಂದ ತಗೊಂಡೆ?"

"ಸಭಾಂಗಣದ ನಕ್ಷೆಯಿಂದ."

"ಅದು ಯಾರ ಕಾಲದ್ದು?"

"ನಮ್ಮಜ್ಜನ ಕಾಲದ್ದು ಅಂದ್ಕೋ. ಆದ್ರೆ ಬಲು ಅಚ್ಚುಕಟ್ಟಾದ ನಕ್ಷೆ."

"ವೇದಿಕೇದು?"

"ಅದು ಹೊಸಾ ಅಳತೆ. ಹೋದ ತಿಂಗಳು ನಮ್ಮ ಹುಡುಗರು ಉಪಗ್ರಹದ ಯಂತ್ರ ಇಟ್ಟು..." ಎಂದವನು ಅಲ್ಲಿಗೇ ಬಾಯಿ ಮುಚ್ಚಿದ.

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹಳೆಯ ನಕ್ಷೆಗಳ ಎತ್ತರವೆಲ್ಲ ತ್ರಿಯೆಸ್ತೆ ಬಂದರಿನಲ್ಲಿ ಯಾವುದೋ ಕಾಲದಲ್ಲಿ ಗುರುತು ಹಾಕಿದ ಸಮುದ್ರಮಟ್ಟದಿಂದ ಎಣಿಸಿದ್ದು. ಹೊಸ ಅಳತೆಗಳು ಕೋಪರ್ ಬಂದರಿನ ಹೊಸ ಗುರುತಿನಿಂದ. ಎರಡರ ನಡುವೆ ಹತ್ತಿರ ಹತ್ತಿರ ಒಂದು ಗೇಣಿನ ಅಂತರ. ಇದು ಕೆಲಸಕ್ಕೆ ಸೇರಿದ ಮೊದಲ ವಾರದಲ್ಲೇ ಪ್ರತಿ ಭೂಮಾಪಕನಿಗೂ ಹೇಳಿಕೊಡುವ ಪಾಠ. ವಿಂಕೊ ನೆಲವನ್ನು ಒಂದು ಸಮುದ್ರದಿಂದಲೂ ವೇದಿಕೆಯನ್ನು ಇನ್ನೊಂದು ಸಮುದ್ರದಿಂದಲೂ ಅಳೆದು, ಒಂದರಲ್ಲಿ ಒಂದನ್ನು ಕಳೆದು, ಬಂದ ಉತ್ತರಕ್ಕೆ ಕೂದಲೆಳೆಯಷ್ಟೂ ತಪ್ಪಿಲ್ಲದ ರ‍್ಯಾಂಪ್ ಕಟ್ಟಿಸಿದ್ದ.

ದಾರಿಂಕಾಳಿಗೆ ನಗು ತಡೆಯಲಾಗಲಿಲ್ಲ. "ಲೋ, ಇಲ್ಲಿಂದ ಅಲ್ಲಿಗೆ ನಾಲ್ಕು ಮಾರು ದೂರ ಇಲ್ಲ. ಅದನ್ನ ಅಳೆಯೋಕೆ ಸಮುದ್ರಕ್ಕೆ ಹೋಗಿದ್ದೆಯಲ್ಲೋ! ಒಬ್ಬ ದರ್ಜಿನ ಕರೆದಿದ್ರೂ ಟೇಪ್ ಹಿಡಿದು ಸರಿಯಾಗಿ ಹೇಳ್ತಿದ್ದ."

"ನಗಬೇಡ್ವೇ, ಮೆಲ್ಲಗೆ. ಹೊರಗೆ ನಾನೂರು ಜನ ಇದಾರೆ, ಎಲ್ಲಾ ನಮ್ಮವರೇ. ನಾನು ಸಾಯೋ ತನಕ ಇದನ್ನೇ ಹೇಳ್ಕೊಂಡು ನಗ್ತಾರೆ," ಎಂದು ವಿಂಕೊ ಹಣೆ ಒರೆಸಿಕೊಂಡ. ಆಮೇಲೆ ಅವಳ ಕಣ್ಣು ತಪ್ಪಿಸಿ, ಮೆಲುದನಿಯಲ್ಲಿ ಹೇಳಬಾರದ್ದನ್ನು ಹೇಳಿದ. "ಒಂದು ಗೇಣು ತಾನೇ ದಾರಿಂಕಾ. ಇಬ್ಬರು ಆ ಕಡೆ ಈ ಕಡೆ ಹಿಡಿದು ಎತ್ತಿಬಿಟ್ರೆ..."

ಅವಳ ನಗು ನಿಂತಿತು.

ಒಂದು ಕಾಲಕ್ಕೆ ಇಬ್ಬರೂ ಜೊತೆಯಾಗಿ ಬೆಟ್ಟ ಅಳೆದವರು. ಬೆಟ್ಟದಿಂದ ಬೆಟ್ಟಕ್ಕೆ ಕೂಗಿದರೆ ಕೇಳಿಸದು, ಎಲ್ಲವೂ ಭೂಮಾಪಕರೆಲ್ಲ ಬಲ್ಲ ಕೈಸನ್ನೆಯಲ್ಲೇ. ಬಲಗೈ ಬೀಸಿದರೆ ಬಲಕ್ಕೆ ಸರಿ, ಎಡಗೈ ಬೀಸಿದರೆ ಎಡಕ್ಕೆ. ಎರಡೂ ಕೈ ನೆಟ್ಟಗೆ ಮೇಲೆತ್ತಿದರೆ 'ಸರಿಯಾಗಿದೆ, ಅಲ್ಲೇ ಗುರುತು ಹಾಕು'. ಕಂಡವರು ತಾವೂ ಎರಡೂ ಕೈ ಎತ್ತಿ ಉತ್ತರ ಕೊಡಬೇಕು. ಉತ್ತರ ಬರುವ ತನಕ ಮೊದಲು ಎತ್ತಿದವರು ಕೈ ಇಳಿಸುವಂತಿಲ್ಲ. ವಿಂಕೊನನ್ನು ಹಾಗೆ ಕೈ ಎತ್ತಿಸಿ ನಿಲ್ಲಿಸಿ, ತಾನು ಕಾಣದವಳ ಹಾಗೆ ಬುತ್ತಿ ಬಿಚ್ಚಿ ತಿನ್ನುತ್ತ ಕೂರುವುದು ದಾರಿಂಕಾಳ ಮೆಚ್ಚಿನ ಆಟವಾಗಿತ್ತು. ಆಮೇಲೆ ಒಂದು ಚಳಿಗಾಲ ಅವಳ ಜೀಪು ಹಿಮದಲ್ಲಿ ಜಾರಿ ಉರುಳಿತು. ಬೆಟ್ಟ ಹೋಯಿತು, ಕೆಲಸ ಹೋಗಲಿಲ್ಲ. ಕಚೇರಿಯಲ್ಲೇ ಕೂತು ನದಿ ಉಕ್ಕಿದಾಗ ನೀರು ಎಲ್ಲಿಯವರೆಗೆ ಏರುತ್ತದೆಂದು ಮನೆಮನೆಯ ಮಟ್ಟಕ್ಕೆ ತೋರಿಸುವ ನಕ್ಷೆ ಮಾಡಿದ್ದಳು. ಇವತ್ತಿನ ಮೊದಲ ಭಾಷಣ ಅದರ ಬಗ್ಗೆಯೇ.

ಹಿಂದೊಮ್ಮೆ ಕಡಲತೀರದ ಪೋರ್ತೊರೋಜ್‌ನಲ್ಲಿ ಸಮ್ಮೇಳನವಾದಾಗಲೂ ಅವಳು ಮಾತಾಡಿದ್ದಳು. ಅಲ್ಲಿ ರ‍್ಯಾಂಪ್ ಇರಲಿಲ್ಲ. ನಾಲ್ಕು ಜನ ಕುರ್ಚಿ ಸಮೇತ ಅವಳನ್ನು ಬೀರು ಸಾಗಿಸುವ ಹಾಗೆ ಎತ್ತಿ ಮೇಲೆ ಇಟ್ಟರು. ಇಡೀ ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು, ಕೆಲವರು ಕಣ್ಣೊರೆಸಿಕೊಂಡರು. ಅವಳಿನ್ನೂ ಬಾಯಿ ಬಿಟ್ಟಿರಲಿಲ್ಲ. ಆ ದಿನ ಏನು ಮಾತಾಡಿದಳೆಂಬುದು ಒಬ್ಬರಿಗೂ ನೆನಪಿಲ್ಲ, ಎತ್ತಿದ್ದು ಮಾತ್ರ ಎಲ್ಲರಿಗೂ ನೆನಪಿದೆ. ಅಲ್ಲಿಂದೀಚೆಗೆ ಅವಳು ಯಾವ ಸಮ್ಮೇಳನಕ್ಕೂ ಬಂದಿರಲಿಲ್ಲ. ಈ ಸಲ ವಿಂಕೊ ಫೋನಿನ ಮೇಲೆ ಫೋನು ಮಾಡಿ ಗೋಗರೆದಾಗ ಎರಡೇ ಮಾತು ಹೇಳಿದ್ದಳು. ಯಾರೂ ನನ್ನನ್ನು ಎತ್ತಬಾರದು. ನಾನು ಮೇಲೆ ಬಂದಾಗ ಯಾರೂ ಚಪ್ಪಾಳೆ ತಟ್ಟಬಾರದು, ಭಾಷಣ ಚೆನ್ನಾಗಿದ್ದರೆ ಆಮೇಲೆ ತಟ್ಟಲಿ.

"ಎತ್ತೋದಾದ್ರೆ ಈಗಲೇ ಹೇಳು. ಕಾರು ಕೆಳಗೇ ಇದೆ, ಊಟದ ಹೊತ್ತಿಗೆ ಮನೇಲಿರ್ತೀನಿ," ಎಂದಳು.

"ಹಾಗಾದ್ರೆ ವೇದಿಕೆ ಕೆಳಗಿಂದಲೇ ಮಾತಾಡು. ಮೈಕ್ ತಂದುಕೊಡ್ತೀನಿ."

"ಹಿಂದಿನ ಸಾಲಿನವರಿಗೆ ನನ್ನ ತಲೆಗೂದಲೂ ಕಾಣಲ್ಲ. ಎಲ್ಲರೂ ಮಾತಾಡೋ ಜಾಗದಿಂದ ನಾನೂ ಮಾತಾಡ್ಬೇಕು. ಅದು ಆಗಲ್ಲ ಅಂದ್ರೆ ಆಗಲ್ಲ ಅನ್ನು, ನಾನೇನೂ ಅಳಲ್ಲ."

ವಿಂಕೊ ಏನೂ ತೋಚದೆ ರ‍್ಯಾಂಪಿನ ಮೇಲೇ ಕುಕ್ಕರಿಸಿದ. ಹೊರಗಿನ ಹಜಾರದಿಂದ ಕಾಫಿಯ ಘಮ, ವಾಲ್ನಟ್ ಹೂರಣದ ಪೊತಿತ್ಸಾ ರೊಟ್ಟಿಯ ಘಮ, ಜೊತೆಗೆ ಹಳೆಯ ಗೆಳೆಯರ ಗದ್ದಲ ತೇಲಿ ಬರುತ್ತಿತ್ತು. ದಾರಿಂಕಾ ತೆರೆದ ಬಾಗಿಲ ಕಡೆ ನೋಡಿದಳು. ಹೋಗುವುದಾದರೆ ಅಷ್ಟೂ ಜನರನ್ನು ದಾಟಿಯೇ ಹೋಗಬೇಕು. ಎಲ್ಲರ ಹೆಗಲಲ್ಲೂ ಒಂದೇ ಥರದ ನೀಲಿ ಚೀಲ, ಪ್ರತಿ ಚೀಲವೂ ಒಂದು ಕಡೆ ಜೋತು ಬಿದ್ದಿತ್ತು. ಒಳಗಿದ್ದದ್ದು ಸಮ್ಮೇಳನದ ಪ್ರಬಂಧ ಸಂಪುಟ, ನಾಲ್ಕು ಬೆರಳು ದಪ್ಪದ ರಟ್ಟಿನ ಪುಸ್ತಕ. ವರ್ಷವೂ ಎಲ್ಲರೂ ಅದನ್ನು ಹೊತ್ತು ಮನೆಗೊಯ್ಯುತ್ತಾರೆ, ವರ್ಷವೂ ಯಾರೂ ತೆರೆಯುವುದಿಲ್ಲ.

"ವಿಂಕೊ, ಆ ಪುಸ್ತಕ ಮೂರು ಪೇರಿಸಿದ್ರೆ ಎಷ್ಟು ಎತ್ತರ ಆಗುತ್ತೆ?"

ಅವನು ತಲೆಯೆತ್ತಿ ಬಾಗಿಲ ಕಡೆ ನೋಡಿದ. ಅವನ ಮುಖ ನಿಧಾನವಾಗಿ ಅರಳಿತು. "ಒಂದು ಗೇಣು! ಆದ್ರೆ... ಕೇಳಬೇಕಲ್ಲೇ. ಯಾಕೆ ಅಂತ ಹೇಳಬೇಕಲ್ಲ."

"ಹೇಳು. ಸಾಯೋ ತನಕ ನಗಲಿ."

ವಿಂಕೊ ಗಟ್ಟಿ ಮನಸ್ಸು ಮಾಡಿ ಹಜಾರಕ್ಕೆ ಹೋಗಿ, ಕುರ್ಚಿ ಹತ್ತಿ ನಿಂತು, ತಾನು ಮಾಡಿದ್ದನ್ನು ಇದ್ದದ್ದು ಇದ್ದ ಹಾಗೇ ಹೇಳಿದ. ಆಮೇಲೆ ಎದ್ದ ನಗುವಿಗೆ ಕಿಟಕಿಯ ಗಾಜು ಅದುರಿತು. ಯಾರೋ ಹೊಟ್ಟೆ ಹಿಡಿದುಕೊಂಡು ಗೋಡೆಗೆ ಒರಗಿದರು, ಯಾರ ಕಾಫಿಯೋ ಯಾರದೋ ಅಂಗಿಯ ಮೇಲೆ ಚೆಲ್ಲಿತು. "ಮುಂದಿನ ಸಲ ಮೃತ ಸಮುದ್ರದಿಂದ ಅಳೆ ಮಾರಾಯ!" ಎಂದು ಮೂಲೆಯಿಂದ ಒಬ್ಬ ಕೂಗಿದ. ನಗುತ್ತ ನಗುತ್ತಲೇ ಜನ ಚೀಲಕ್ಕೆ ಕೈಹಾಕಿ ಪುಸ್ತಕ ತೆಗೆದರು.

ಒಬ್ಬರು ಮಾತ್ರ ಪುಸ್ತಕವನ್ನು ಎದೆಗವಚಿಕೊಂಡು ಅಡ್ಡ ನಿಂತರು. ಸಂಪುಟದ ಸಂಪಾದಕರಾದ ಮುದುಕರು ಬೊಗೊಮಿಲ್. "ಇದೇನು ಇಟ್ಟಿಗೇನಾ? ಒಂದು ವರ್ಷ ಕಣ್ಣು ಕೆಡಿಸ್ಕೊಂಡು ತಿದ್ದಿದೀನಿ ನಾನು! ಇದರಲ್ಲಿ ನನ್ನದೇ ಮೂರು ಪ್ರಬಂಧ ಇವೆ!"

"ಅದಕ್ಕೇ ಕೇಳ್ತಿದೀವಿ ಮೇಷ್ಟ್ರೇ," ಎಂದಳು ಬಾಗಿಲಿಗೆ ಬಂದಿದ್ದ ದಾರಿಂಕಾ. "ನಿಮ್ಮದು ಎಷ್ಟು ಭಾರ ಹೊರುತ್ತೆ ಅಂತ ಇವತ್ತು ನಾನು ತೋರಿಸ್ತೀನಿ."

ಮುದುಕರು ಅವಳನ್ನೂ ಪುಸ್ತಕವನ್ನೂ ನೋಡಿದರು. "ಹಾಳೆ ಮಡಚದ ಹಾಗೆ ಇಡ್ಬೇಕು ಮತ್ತೆ," ಎನ್ನುತ್ತ ತಾವೇ ಮುಂದೆ ನಿಂತು ಎಲ್ಲರ ಕೈಯಿಂದ ಪುಸ್ತಕ ಇಸಿದುಕೊಳ್ಳತೊಡಗಿದರು.

ಆಮೇಲೆ ನಡೆದದ್ದು ನೋಡುವಂತಿತ್ತು. ರ‍್ಯಾಂಪಿನ ಒಂದೊಂದೇ ಕಾಲನ್ನು ಎತ್ತಿ ಅಡಿಗೆ ಮೂರು ಮೂರು ಪುಸ್ತಕ ಇಟ್ಟರು. ಜಾರದ ಹಾಗೆ ಬ್ಯಾನರ್ ಕಟ್ಟುವ ಪಟ್ಟಿಯಿಂದ ಬಿಗಿದರು. ಮೇಲಿನ ತುದಿ ವೇದಿಕೆಗೆ ಸರಿಯಾಗಿ ಕೂತಿತು. ಆದರೆ ಕಳೆದುಹೋದ ಗೇಣು ಈಗ ಬುಡದಲ್ಲಿ ಬಂದು ನಿಂತಿತು. ಅಲ್ಲಿಗೆ ಅಳತೆಯ ಯಂತ್ರ ಮಾರುವವರ ಮಳಿಗೆಯಿಂದ ಮೇಜಿನ ಹಲಗೆಗಳನ್ನು ಬಿಚ್ಚಿ ತಂದು, ಮೂರು ಪುಸ್ತಕ, ಎರಡು ಪುಸ್ತಕ, ಒಂದು ಪುಸ್ತಕ ಎಂದು ತಗ್ಗಿಸುತ್ತ ಉದ್ದನೆಯ ಬಾಲ ಕಟ್ಟಿದರು. ಮಾರಾಟಕ್ಕೆ ತಂದಿದ್ದ ಹೊಸ ಯಂತ್ರಗಳೂ ಬಂದವು. ನಾಲ್ಕು ಕಡೆಯಿಂದ ಮಟ್ಟ ತೋರಿಸುವ ಲೇಸರಿನ ಕೆಂಪು ಗೆರೆಗಳು ಗೋಡೆಯ ಮೇಲೆ ಓಡಿದವು. ನಾನೂರು ಭೂಮಾಪಕರು, ಒಂದೇ ಒಂದು ರ‍್ಯಾಂಪು. ಜಗಳವಾಗದೆ ಇರುತ್ತದೆಯೇ?

"ಎಡಗಡೆ ಕೂದಲೆಳೆ ಮೇಲಿದೆ!"

"ಮೇಲಿರೋದು ನಿನ್ನ ಯಂತ್ರ ಕಣಯ್ಯ, ಹಲಗೆ ಅಲ್ಲ!"

ಆ ಕೂದಲೆಳೆಗೆ ಬೇರೇನೂ ಸಿಗದೆ ಊಟದ ಚೀಟಿಗಳನ್ನು ಮಡಚಿ ಸಂದಿಗೆ ತುರುಕಿದರು. ಅವರಲ್ಲಿ ಮೂವರು ಅವತ್ತು ಮಧ್ಯಾಹ್ನ ಚೀಟಿಯಿಲ್ಲದೆ ಅಡಿಗೆಯವರ ಹತ್ತಿರ ಬೈಸಿಕೊಂಡರು, ಆ ಮಾತು ಬೇರೆ.

ಎಲ್ಲ ಮುಗಿದ ಮೇಲೆ ದಾರಿಂಕಾ ತನ್ನ ಕುರ್ಚಿಯಿಂದ ಮುಂದಿನ ಸಾಲಿನ ಆಸನಕ್ಕೆ ತೋಳಿನ ಬಲದಲ್ಲೇ ಸರಿದು ಕೂತಳು. ಖಾಲಿ ಗಾಲಿಕುರ್ಚಿಯನ್ನು ವಿಂಕೊನ ಕಡೆ ನೂಕಿದಳು. "ಮೊದಲು ನೀನು ಹೋಗು."

"ನಾನಾ? ನನ್ನ ಮೈ ನೋಡಿದೀಯಾ?"

"ಅದಕ್ಕೇ. ನಿನ್ನ ಭಾರ ತಡೆದ್ರೆ ನನ್ನದನ್ನೂ ತಡೆಯುತ್ತೆ."

ವಿಂಕೊ ಕೂತ. ಬಾಲದ ಹಲಗೆಗಳನ್ನು ಹೇಗೋ ದಾಟಿದ. ಅಲ್ಲಿಂದ ಮೇಲೆ ಕುರ್ಚಿ ಅವನ ಮಾತು ಕೇಳಲೊಲ್ಲದು. ಒಂದು ಗಾಲಿ ಮುಂದೆ ಹೋದರೆ ಇನ್ನೊಂದು ಗೋಡೆಯ ಕಡೆ ತಿರುಗುತ್ತದೆ. ಬೆರಳ ಗೆಣ್ಣು ಗೋಡೆಗೆ ತರಚಿತು, ಕತ್ತು ಕೆಂಪಾಯಿತು, ನಡುದಾರಿಯಲ್ಲಿ ಏದುಸಿರು ಬಿಡುತ್ತ ನಿಂತುಬಿಟ್ಟ. ಹಿಂದಿನಿಂದ ಯಾರೋ ಕನಿಕರಪಟ್ಟು ಕೈ ಹಾಕಲು ಹೋದರು.

"ಮುಟ್ಬೇಡ್ರೀ!" ಎಂದು ವಿಂಕೊ ಕಿರುಚಿದ. "ನಾನೇ ಹೋಗ್ತೀನಿ!"

ಹಾಗೆಂದವನು ತಕ್ಷಣ ಕತ್ತು ತಿರುಗಿಸಿ ದಾರಿಂಕಾಳನ್ನು ಹುಡುಕಿದ. ಅವಳು ಹುಬ್ಬು ಮೇಲೇರಿಸಿದಳು. ಅವನು ತಲೆ ತಗ್ಗಿಸಿ ಗಾಲಿ ಹಿಡಿದ. ಕೊನೆಗೆ ಮುಂದಿನ ಚಕ್ರಗಳು ಯಾವ ತಡೆಯೂ ಇಲ್ಲದೆ ವೇದಿಕೆಯ ಮೇಲೆ ಉರುಳಿದವು. ಹಲಗೆ ಕದಲಲಿಲ್ಲ, ಪುಸ್ತಕ ಜರುಗಲಿಲ್ಲ. ಬೊಗೊಮಿಲ್ ಮೊಣಕಾಲೂರಿ ಕೂತು ಪ್ರತಿಯೊಂದನ್ನೂ ಮುಟ್ಟಿ ನೋಡಿ, "ಒಂದು ಹಾಳೇನೂ ಮಡಚಿಲ್ಲ," ಎಂದು ಸಾರಿದರು.

"ಭುಜ ಬಿದ್ದೋಯ್ತು ಕಣೇ," ಎಂದ ವಿಂಕೊ ಕುರ್ಚಿ ತಂದು ಒಪ್ಪಿಸುತ್ತ. ಸ್ವಲ್ಪ ತಡೆದು, "ಎತ್ತಿಬಿಡೋಣ ಅಂದೆನಲ್ಲ, ಅದನ್ನ ಮರೆತುಬಿಡು," ಎಂದ.

"ಮರೆಯಲ್ಲ. ಆದ್ರೆ ಕೋಪ ಇಲ್ಲ," ಎಂದಳು ದಾರಿಂಕಾ. ಕೋಪ ನಿಜಕ್ಕೂ ಇರಲಿಲ್ಲ. ಖುಷಿಯಾಗಿತ್ತು, ಬೆಟ್ಟದ ದಿನಗಳ ಖುಷಿ. ಗಾಳಿ ಮಳೆಯಲ್ಲಿ ಇಡೀ ತಂಡ ಬೈದಾಡಿಕೊಂಡು ಒಂದು ಗುರುತು ನೆಟ್ಟಾಗ ಆಗುತ್ತಿತ್ತಲ್ಲ, ಅದೇ.

ಸಭೆ ಸೇರಿತು. ನಿರೂಪಕಿ ಅವಳ ಹೆಸರು ಹೇಳಿ, ಈಗ ಚಪ್ಪಾಳೆ ಬೇಡವೆಂದು ಮತ್ತೊಮ್ಮೆ ನೆನಪಿಸಿದಳು. ದಾರಿಂಕಾ ಬಾಲ ಹತ್ತಿದಳು, ಏರು ಹಿಡಿದಳು. ಗಾಲಿಗಳ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಜನ ಕೈಗಳನ್ನು ಮಡಿಲಲ್ಲಿ ಅವುಚಿಕೊಂಡು ಕೂತಿದ್ದರು, ಎಲ್ಲಿ ತಮಗೆ ತಿಳಿಯದೆ ತಟ್ಟಿಬಿಡುತ್ತವೋ ಎಂಬಂತೆ. ನಡುವೆ ಒಮ್ಮೆ ನಿಂತು ಉಸಿರು ಸುಧಾರಿಸಿಕೊಂಡಳು. ಯಾರೂ ಏಳಲಿಲ್ಲ, ಯಾರೂ ಕೈ ಚಾಚಲಿಲ್ಲ. ಮುಂದಿನ ಚಕ್ರ ವೇದಿಕೆ ಮುಟ್ಟಿತು, ಹಿಂದಿನದೂ ಮುಟ್ಟಿತು. ಅವಳು ಮೈಕಿನ ಮುಂದೆ ಹೋಗಿ ಸಭೆಯ ಕಡೆ ತಿರುಗಿದಳು.

ಕಟ್ಟಕಡೆಯಲ್ಲಿ, ಹಿಂದಿನ ಬಾಗಿಲ ಹತ್ತಿರ, ವಿಂಕೊ ನಿಂತಿದ್ದ. ನೋಯುವ ಭುಜಗಳನ್ನು ಲೆಕ್ಕಿಸದೆ ಎರಡೂ ಕೈಗಳನ್ನು ನೆಟ್ಟಗೆ ಮೇಲೆತ್ತಿದ್ದ.

ಅವಳ ನೋಟ ಎಲ್ಲಿ ನೆಟ್ಟಿದೆಯೆಂದು ಕೆಲವರು ಹಿಂತಿರುಗಿ ನೋಡಿದರು. ನೋಡಿದವರು ತಾವೂ ಕೈ ಎತ್ತಿದರು. ಬೊಗೊಮಿಲ್ ಎತ್ತಿದರು, ಅವರ ಸಾಲು ಎತ್ತಿತು, ಆಮೇಲೆ ಒಂದೊಂದೇ ಸಾಲಾಗಿ ಇಡೀ ಸಭಾಂಗಣ. ಒಂದು ಮಾತಿಲ್ಲ, ಒಂದು ಚಪ್ಪಾಳೆಯಿಲ್ಲ. ಎಲ್ಲರೂ ಅವಳ ಉತ್ತರಕ್ಕೆ ಕಾದರು. ಉತ್ತರ ಬರುವ ತನಕ ಇಳಿಸುವಂತಿಲ್ಲ.

ದಾರಿಂಕಾ ಅವಸರ ಮಾಡಲಿಲ್ಲ. ನೀರಿನ ಲೋಟ ಎತ್ತಿ ಒಂದು ಗುಟುಕು ಕುಡಿದಳು. ಹಾಳೆಗಳನ್ನು ಮಡಿಲಲ್ಲಿ ಸರಿಮಾಡಿಕೊಂಡಳು. ದೂರದಲ್ಲಿ ವಿಂಕೊನ ತೋಳು ನಡುಗುತ್ತಿದ್ದದ್ದು, ಅವನು ನಗು ನುಂಗುತ್ತಿದ್ದದ್ದು ಅಲ್ಲಿಂದಲೂ ಕಾಣುತ್ತಿತ್ತು. ಆಮೇಲೆ ಎರಡೂ ಕೈಗಳನ್ನು ನೆಟ್ಟಗೆ ಮೇಲೆತ್ತಿದಳು. ಗಾಲಿ ಹಿಡಿಯದೆಯೂ ಕುರ್ಚಿ ಮಟ್ಟಸವಾದ ವೇದಿಕೆಯ ಮೇಲೆ ಇದ್ದಲ್ಲೇ ಇತ್ತು, ಒಂದಿಷ್ಟೂ ಸರಿಯಲಿಲ್ಲ.